ಹುಳುಮನೆಯ ಎರಡು ಮಕ್ಕಳು

ನನ್ನ ಗಂಡನಿಗೆ ಮಕ್ಕಳೆಂದರೆ ಪ್ರಾಣ. ಆದರೆ ಅವು ಮಕ್ಕಳು ಎಂದು ಅವರಿಗೆ ಯಾರೂ ಸ್ಪಷ್ಟವಾಗಿ ತಿಳಿಸಿರಲಿಲ್ಲ! ಅವರ ಪ್ರಕಾರ ನಮ್ಮ ಮನೆಯಲ್ಲಿ ಇದ್ದದ್ದು ಎರಡು ರೇಷ್ಮೆ ಹುಳು. ಒಂದಕ್ಕೆ ಮೂರು ವರ್ಷ, ಇನ್ನೊಂದಕ್ಕೆ ಏಳು ತಿಂಗಳು.

ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಎಂದುಕೊಂಡಿರಾ? ಮಾಡುತ್ತಿದ್ದೇನೆ, ಒಪ್ಪಿದೆ. ಆದರೆ ನೀವು ಅಂದುಕೊಂಡಷ್ಟಲ್ಲ.

ನಮ್ಮ ಯಜಮಾನರು ಅಕ್ಕೂರಿನವರು. ಹಿಪ್ಪುನೇರಳೆ ತೋಟದ ನಡುವೆ ಹುಟ್ಟಿ, ಹುಳುಮನೆಯ ತಟ್ಟೆಗಳ ಸಂದಿಯಲ್ಲಿ ಬೆಳೆದವರು. ನೂಲಿನ ಬೆಲೆ ಬಿದ್ದು, ಮೈಸೂರು ರಸ್ತೆಯ ಎರಡೂ ಬದಿಗೆ ಕಾರ್ಖಾನೆಗಳು ಎದ್ದು ನಿಂತ ಕಾಲದಲ್ಲಿ ಊರಿನ ಅರ್ಧಕ್ಕರ್ಧ ಗಂಡಸರು ಹುಳು ಬಿಟ್ಟು ಯೂನಿಫಾರಂ ತೊಟ್ಟರು. ಇವರೂ ತೊಟ್ಟರು. ಹೆದ್ದಾರಿ ಪಕ್ಕದ ಒಂದು ಕಾರ್ಖಾನೆಯಲ್ಲಿ ಯಾವುದೋ ಯಂತ್ರದ ಯಾವುದೋ ಭಾಗಕ್ಕೆ ಯಾವುದೋ ಬೋಲ್ಟು ಬಿಗಿಯುವ ಕೆಲಸ. ಅದು ಏನಕ್ಕೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಹುಳುವಿನ ಬಗ್ಗೆ ಕೇಳಿ ನೋಡಿ, ನಿಮ್ಮ ಬಸ್ಸು ತಪ್ಪುತ್ತದೆ.

ಅವರು ನನ್ನನ್ನು ನೋಡಲು ಮಾಗಡಿಗೆ ಬಂದ ದಿನವೇ ನನಗೆ ಅನುಮಾನ ಬರಬೇಕಿತ್ತು. ಹಾಡು ಬರುತ್ತದೆಯೇ ಎಂದು ಕೇಳಲಿಲ್ಲ, ಅಡುಗೆ ಬರುತ್ತದೆಯೇ ಎಂದು ಕೇಳಲಿಲ್ಲ. ಕಾಫಿ ಲೋಟ ತೆಗೆದುಕೊಳ್ಳುವಾಗ ನನ್ನ ಬೆರಳು ತಾಕಿತು ನೋಡಿ, ಮುಖ ಅರಳಿತು. "ಕೈ ತಣ್ಣಗವೆ," ಎಂದರು, ನನಗಲ್ಲ, ಪಕ್ಕದಲ್ಲಿದ್ದ ಅವರ ಚಿಕ್ಕಪ್ಪನಿಗೆ. ನಾನು ನಾಚಿ ಒಳಗೆ ಓಡಿದೆ. ಎಂಥ ರಸಿಕರಪ್ಪಾ ಎಂದು ಗೆಳತಿಯರ ಮುಂದೆಲ್ಲ ಹೇಳಿಕೊಂಡು ತಿರುಗಿದೆ. ಕೈ ಬಿಸಿಯಿದ್ದವರು ಎಳೆಯ ಹುಳುವನ್ನು ಮುಟ್ಟಬಾರದು ಎಂಬ ವಿಷಯ ನನಗೆ ತಿಳಿದದ್ದು ಮದುವೆಯಾದ ಮೇಲೆ!

ಇನ್ನು ನನ್ನ ಅತ್ತೆ. ನಾನು ಆ ಮನೆಗೆ ಕಾಲಿಡುವ ಮೊದಲೇ ಅವರು ತೀರಿಕೊಂಡಿದ್ದರು. ಅಕ್ಕೂರಿನ ಸುತ್ತಮುತ್ತ ಎಳೆಯ ಹುಳು ಸಾಕುವುದರಲ್ಲಿ ಅವರ ಸಮ ಯಾರೂ ಇರಲಿಲ್ಲವಂತೆ. ಬೇರೆ ಊರಿನವರು ಮೊಟ್ಟೆ ತಂದು ಇವರ ಕೈಗೆ ಕೊಟ್ಟು, ಹುಳು ಎರಡು ಸಲ ಪೊರೆ ಬಿಟ್ಟ ಮೇಲೆ ಬಂದು ಒಯ್ಯುತ್ತಿದ್ದರಂತೆ. ಬದುಕಿರುವ ಅತ್ತೆಯ ಜತೆ ಸೊಸೆಯಾದವಳು ಜಗಳವಾಡಬಹುದು, ಮುನಿಸಿಕೊಳ್ಳಬಹುದು, ಬೇಕಾದರೆ ಒಂದು ದಿನ ಗೆಲ್ಲಲೂಬಹುದು. ಫೋಟೋದಲ್ಲಿರುವ ಅತ್ತೆಯ ಜತೆ ಏನು ಮಾಡುತ್ತೀರಿ? ನಾನು ಯಾವ ಮಾತು ಎತ್ತಿದರೂ ಯಜಮಾನರು ಗೋಡೆಯ ಕಡೆ ಕೈ ತೋರಿಸಿ, "ನಮ್ಮವ್ವ ಹಿಂಗೇ ಮಾಡ್ತಿದ್ದುದು," ಎಂದುಬಿಡುತ್ತಿದ್ದರು. ಗೋಡೆಯ ಮೇಲಿನ ಅತ್ತೆ ಬಾಯಿ ಬಿಡದೆ ಪ್ರತಿಸಲವೂ ಗೆಲ್ಲುತ್ತಿದ್ದರು.

ನನಗೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಇತ್ತು. ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಕ್ಕೂರಿನಿಂದ ಎರಡು ಬಸ್ಸು, ಆಮೇಲೆ ಒಂದಷ್ಟು ನಡಿಗೆ. ಚಿಕ್ಕವನ ಹೆರಿಗೆ ರಜೆ ಮುಗಿದು, ಇದ್ದಬದ್ದ ರಜೆಯೂ ಮುಗಿದಾಗ ಪ್ರಶ್ನೆ ಎದ್ದಿತು: ಮಕ್ಕಳನ್ನು ನೋಡಿಕೊಳ್ಳುವವರು ಯಾರು? ನಮ್ಮಮ್ಮ ಮಾಗಡಿಯಿಂದ ಫೋನು ಮಾಡಿ ಒಂದೇ ಮಾತಿನಲ್ಲಿ ಪರಿಹಾರ ಕೊಟ್ಟಳು. "ಕೆಲ್ಸ ಬುಟ್ಟಾಕು." ನಾನು ಅಳುತ್ತಾ ಕುಳಿತೆ. ಆ ಕೆಲಸಕ್ಕಾಗಿ ನಾನು ಎಷ್ಟು ಓದಿದ್ದೆ ಎಂದು ನನಗೊಬ್ಬಳಿಗೇ ಗೊತ್ತು.

ಆಗ ಯಜಮಾನರು ಎದ್ದು ನಿಂತು ಘೋಷಿಸಿದರು. "ನಲವತ್ತು ಸಾವ್ರ ಹುಳ ಸಾಕಿದೋನು ನಾನು. ಎರಡು ಮಕ್ಳು ಯಾವ ಲೆಕ್ಕ? ನೈಟ್ ಶಿಫ್ಟ್ ಹಾಕುಸ್ಕತೀನಿ. ಹಗಲೊತ್ತು ನಾನು ಸಾಕ್ತೀನಿ, ನೀನು ಹೋಗು."

ನಾನು ಕಣ್ಣೊರೆಸಿಕೊಂಡು ಒಪ್ಪಿದೆ. ಆ ವಾಕ್ಯದಲ್ಲಿ ಇದ್ದ ಅಪಾಯ ನನಗೆ ಹೊಳೆಯಲಿಲ್ಲ.

ಮದುವೆಯೆಂದರೆ ಎರಡು ಜೀವ ಒಂದಾಗುವುದು ಎಂದು ನಮ್ಮ ಮದುವೆ ಮಾಡಿಸಿದ ಪುರೋಹಿತರು ಹೇಳಿದ್ದರು. ಪಾಪ, ಅವರಿಗೆ ಶಿಫ್ಟಿನ ವಿಷಯ ಗೊತ್ತಿರಲಿಲ್ಲ. ಸಂಜೆ ನಾನು ಬಂದೊಡನೆ ಅವರು ನಿದ್ದೆಗೆ ಬೀಳುತ್ತಿದ್ದರು, ಎದ್ದವರು ನೇರ ಶಿಫ್ಟಿಗೆ. ಬೆಳಗ್ಗೆ ಏಳಕ್ಕೆ ಕಂಪನಿ ಬಸ್ಸಿನಿಂದ ಇಳಿದು ಬರುತ್ತಿದ್ದರು. ಏಳೂವರೆಗೆ ನಾನು ಹೊರಡುತ್ತಿದ್ದೆ. ನಡುವಿನ ಅರ್ಧ ಗಂಟೆಯೇ ನಮ್ಮ ದಾಂಪತ್ಯ! ಅದರಲ್ಲೂ ಪ್ರೀತಿಯ ಮಾತೆಂದರೆ ಇಷ್ಟು: "ಸಣ್ಣೋನು ಎಷ್ಟು ಸರ್ತಿ ಹೋದ?" "ಎರಡು." "ಯಾವ ಬಣ್ಣ?" ಹುಳುವಿನ ಹಿಕ್ಕೆ ನೋಡಿಯೇ ಅದರ ಆರೋಗ್ಯ ಹೇಳಬಲ್ಲ ಮನುಷ್ಯ ಅವರು. ಹೆಂಡತಿಯ ಮುಖ ನೋಡಿ ಮಾತ್ರ ಏನೂ ಹೇಳಬಲ್ಲವರಾಗಿರಲಿಲ್ಲ.

ಮೊದಲ ವಾರದಲ್ಲೇ ನಮ್ಮ ಮನೆ ಹುಳುಮನೆಯಾಯಿತು. ಅಟ್ಟದಲ್ಲಿದ್ದ ನೈಲಾನ್ ಬಲೆಗಳು ಕೆಳಗಿಳಿದು ಕಿಟಕಿ, ಬಾಗಿಲು, ತೊಟ್ಟಿಲುಗಳ ಮೇಲೆ ಹರಡಿಕೊಂಡವು. ಊಜಿ ನೊಣ ಎಂಬುದೊಂದಿದೆ, ಅದು ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಹಾಳು ಮಾಡುತ್ತದೆ. "ಊಜಿ ನೊಣ ಮಕ್ಕಳ ಮೇಲೆ ಮೊಟ್ಟೆ ಇಡಲ್ಲ ಕಣ್ರೀ," ಎಂದೆ. "ಇಟ್ರೆ?" ಎಂದರು. ಇದಕ್ಕೆ ಯಾವ ಬಿ.ಎಡ್. ಪದವೀಧರೆಯ ಬಳಿ ಉತ್ತರವಿದೆ?

ತೊಟ್ಟಿಲ ಮೇಲೆ ಹುಳುಮನೆಯ ಹಳೆಯ ಥರ್ಮಾಮೀಟರ್ ತೂಗುಬಿತ್ತು. ಬಿಸಿಲು ಏರಿದರೆ ಕಿಟಕಿಗೆ ಒದ್ದೆ ಗೋಣಿಚೀಲ ಬಂತು. ಚಿಕ್ಕವನ ಕೆಳಗೆ ಹಾಸುವ ಬಟ್ಟೆಯ ಅಡಿಗೆ ಹಳೆಯ ಪೇಪರು ಹರಡಿ, ದಿನಕ್ಕೆ ಇಷ್ಟು ಸಲ ಎಂದು ಗಡಿಯಾರ ನೋಡಿ ಬದಲಿಸುವುದು ನಡೆಯಿತು. ಹುಳುವಿನ ತಟ್ಟೆಯ ಕಸ ತೆಗೆಯುವ ಪದ್ಧತಿ ಅದು. ನಮ್ಮ ಮಗ ಜಗತ್ತಿನ ಸುದ್ದಿಯನ್ನೆಲ್ಲ ಓದುವ ಮೊದಲೇ ಅದರ ಮೇಲೆ ತನ್ನ ಅಭಿಪ್ರಾಯ ತಿಳಿಸುತ್ತಿದ್ದ.

ಊಟವೂ ಹೊತ್ತಿಗೆ ಸರಿಯಾಗಿ. ಹನ್ನೊಂದಕ್ಕೆ ಎಂದರೆ ಹನ್ನೊಂದಕ್ಕೇ. ದೊಡ್ಡವಳು ಹತ್ತೂವರೆಗೆ ಹಸಿವು ಎಂದು ಅತ್ತರೆ, "ಇನ್ನಾ ಅರ್ಧ ಗಂಟೆ ಐತೆ ಕಣವ್ವ. ತಿಂದಿದ್ದು ಒಸಿ ಅರಗ್ಲಿ," ಎಂದು ಗಡಿಯಾರದ ಮುಂದೆ ಕೂರಿಸುತ್ತಿದ್ದರು. ಆ ಹುಡುಗಿ ಅ ಆ ಇ ಈ ಕಲಿಯುವ ಮೊದಲು ಗಡಿಯಾರ ನೋಡುವುದನ್ನು ಕಲಿತಳು.

ಕತ್ತರಿಸುವ ಕ್ರಮವನ್ನಂತೂ ಹೇಳಲೇಬೇಕು. ಮೊಟ್ಟೆಯೊಡೆದು ಈಗಷ್ಟೇ ಎದ್ದ ಹುಳುವಿಗೆ ಕೊಂಬೆಯ ತುದಿಯ ಎಳೆ ಎಲೆಯನ್ನೇ ಆರಿಸಿ, ಮಣೆಯ ಮೇಲಿಟ್ಟು ಅರ್ಧ ಬೆರಳಗಲದ ಪುಟ್ಟ ಚೌಕಗಳಾಗಿ ಕತ್ತರಿಸಿ ಹಾಕಬೇಕು. ದೊಡ್ಡ ಹುಳುವಾದರೆ ಆ ತಾಪತ್ರಯವಿಲ್ಲ, ಕೊಂಬೆಯನ್ನೇ ಎಸೆದರೂ ತಿನ್ನುತ್ತದೆ. ಹೀಗಾಗಿ ದೊಡ್ಡವಳ ಇಡ್ಲಿ, ದೋಸೆ, ಬಾಳೆಹಣ್ಣು ಎಲ್ಲವೂ ಚೌಕ. ಎಲ್ಲ ಚೌಕವೂ ಒಂದೇ ಅಳತೆ. ನೆಂಟರ ಮನೆಯಲ್ಲಿ ದುಂಡನೆಯ ಇಡ್ಲಿ ಬಡಿಸಿದರೆ ಅವಳು, "ಇದು ಯಾಕೆ ಹಿಂಗೈತೆ?" ಎಂದು ಹೆದರಿ ಅತ್ತಳು.

ನನಗೆ? ನಾನು ದೊಡ್ಡ ಹುಳು. ಮದುವೆಯಾಗಿ ಐದು ವರ್ಷದಲ್ಲಿ ಈ ಮಹಾನುಭಾವರು ನನಗೆ ಒಂದು ಸೀಬೆಹಣ್ಣನ್ನೂ ಹೆಚ್ಚಿ ಕೊಟ್ಟದ್ದಿಲ್ಲ. ಒಮ್ಮೆ ಮೈ ಹುಷಾರಿಲ್ಲ ಎಂದು ಮಲಗಿದ್ದಾಗ ಪಕ್ಕದಲ್ಲಿ ಒಂದು ಇಡೀ ಪರಂಗಿಹಣ್ಣು ಇಟ್ಟು ಹೋಗಿದ್ದರು, ಚಾಕು ಕೂಡ ಇಲ್ಲದೆ!

ಹುಳುವಿಗೆ ವಾಸನೆ ಆಗುವುದಿಲ್ಲ ನೋಡಿ, ಹಾಗಾಗಿ ನಮ್ಮ ಮನೆಯಲ್ಲಿ ಊದುಬತ್ತಿ ಬಂದ್. ಬೆಳ್ಳುಳ್ಳಿ ಒಗ್ಗರಣೆ ಹಿತ್ತಿಲಿಗೆ ವರ್ಗ. ನಾನು ಸಂಜೆ ಶಾಲೆಯಿಂದ ಬಂದರೆ ಬಾಗಿಲಲ್ಲಿ ತಪಾಸಣೆ. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ನೆನೆಸಿದ ಗೋಣಿಚೀಲದ ಮೇಲೆ ಕಾಲಿಡಬೇಕು, ಕೈ ತೊಳೆಯಬೇಕು, ಆಮೇಲೆ ಅವರು ನನ್ನ ಕತ್ತಿನ ಹತ್ತಿರ ಮೂಗು ತರುತ್ತಾರೆ. ಆಹಾ, ಎಂದುಕೊಳ್ಳಬೇಡಿ. "ಪೌಡ್ರು ಹಾಕಿದ್ದೀಯ. ಮೊದ್ಲು ಮುಖ ತೊಳ್ಕೊಂಡು ಬಾ."

ಈ ಗೋಣಿಚೀಲದ ಮೇಲೆಯೇ ನಮ್ಮಮ್ಮನಿಗೂ ಅಳಿಯನಿಗೂ ಯುದ್ಧವಾದದ್ದು. ಅವಳು ಮೊಮ್ಮಗನನ್ನು ನೋಡುವ ಆಸೆಯಿಂದ ಮಾಗಡಿಯಿಂದ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದಿದ್ದಳು. ಬಾಯಲ್ಲಿ ಎಲೆ ಅಡಿಕೆ, ಅದರೊಳಗೆ ಒಂದು ಚೂರು ಹೊಗೆಸೊಪ್ಪು. ಯಜಮಾನರು ಬಾಗಿಲಿಗೆ ಕೈ ಅಡ್ಡ ಹಿಡಿದರು.

"ಅತ್ತೆ, ಬಾಯಿ ಮುಕ್ಕಳಿಸ್ಕಂಡು ಬನ್ನಿ."

"ಯಾಕಪ್ಪ, ನನ್ ಮೊಮ್ಮಗನ್ನ ನೋಡಕ್ಕೆ ಬಂದಿವ್ನಿ. ಆಪ್ರೇಸನ್ ರೂಮ್ಗೆ ಬರ್ಲಿಲ್ಲ."

"ಹೊಗೆಸೊಪ್ಪಿನ ಗಾಳಿ ಸೋಕುದ್ರೆ ಹುಳ ವಾಂತಿ ಮಾಡ್ಕಂಡು ಸತ್ತೋಯ್ತವೆ ಅತ್ತೆ."

"ಯಾವ ಹುಳವಪ್ಪ? ನೀವು ಹುಳ ಬುಟ್ಟು ಎಷ್ಟು ವರ್ಸಾಯ್ತು!"

ಯಜಮಾನರು ಸಂಕೋಚವಿಲ್ಲದೆ ತೊಟ್ಟಿಲ ಕಡೆ ಕೈ ತೋರಿಸಿದರು. ನಮ್ಮಮ್ಮ ಅಲ್ಲಿಂದಲೇ ತಿರುಗಿದಳು. ಎರಡು ತಿಂಗಳು ಈ ಕಡೆ ಮುಖ ಹಾಕಲಿಲ್ಲ. ಮಾಗಡಿಯ ಅಷ್ಟೂ ನೆಂಟರಿಗೆ ಅಳಿಯನಿಗೆ ತಲೆ ಸರಿಯಿಲ್ಲ ಎಂದು ಬಾಯಿ ನೋಯುವವರೆಗೆ ಹೇಳಿ ಬಂದಳಂತೆ. ಸುಳ್ಳು ಹೇಳಿದಳು ಎಂದು ನಾನು ಯಾವ ಬಾಯಲ್ಲಿ ಹೇಳಲಿ?

ಪಕ್ಕದ ಮನೆಯ ಮಗು ಕೆಮ್ಮಿಕೊಂಡು ಆಡಲು ಬಂದರೆ ಅದರ ಕೈಗೊಂದು ಕೋಡುಬಳೆ ಕೊಟ್ಟು, ಭುಜ ಹಿಡಿದು ಮೆಲ್ಲಗೆ ತಿರುಗಿಸಿ ಬೀದಿಗೆ ಬಿಡುತ್ತಿದ್ದರು. ರೋಗದ ಹುಳುವನ್ನು ಆರಿಸಿ ಬೇರೆ ಮಾಡುವ ಕ್ರಮ! ದೊಡ್ಡವಳು ಕಿಟಕಿಯ ಸರಳು ಹಿಡಿದು ಹತ್ತತೊಡಗಿದಾಗ ನಾನು ಕಿರುಚಿದರೆ ಇವರು ಹಿಗ್ಗಿದರು. ಗೂಡು ಕಟ್ಟುವ ಹೊತ್ತಿಗೆ ಹುಳು ಹೀಗೇ ತಲೆಯೆತ್ತಿ ಜಾಗ ಹುಡುಕುತ್ತದಂತೆ. "ಇವ್ಳನ್ನಿನ್ನ ಚಂದ್ರಿಕೆಗೆ ಹಾಕ್ಬೇಕು," ಎಂದರು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಅವರ ಅರ್ಥದಲ್ಲಿ ಅಂಗನವಾಡಿ.

ಹೀಗೆ ನಗುತ್ತಾ, ರೇಗುತ್ತಾ ನಾಲ್ಕು ತಿಂಗಳು ನನ್ನ ಕೆಲಸ ಉಳಿಯಿತು. ಆಮೇಲೆ ಬಂತು ಆ ಗುರುವಾರ.

ಸಂಜೆ ಬಂದೆ. ಕಾಲು ಅದ್ದಿದೆ, ಕೈ ತೊಳೆದೆ. ಮೂಸಲು ಯಾರೂ ಬರಲಿಲ್ಲ. ಒಳಗೆ ಹೋದರೆ ದೊಡ್ಡವಳು ಗೋಡೆಗೆ ಒರಗಿಕೊಂಡು, ತಲೆ ಒಂದಿಷ್ಟು ಮೇಲೆತ್ತಿ, ಅಲ್ಲಾಡದೆ ಕೂತಿದ್ದಳು. ಯಜಮಾನರು ಅವಳಿಂದ ಎರಡು ಮೊಳ ದೂರದಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ಕಾವಲು ಕೂತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು.

"ಶ್! ಮುಟ್ಬ್ಯಾಡ. ಮಧ್ಯಾಹ್ನದಿಂದ ಹಿಂಗೇ ಕುಂತವ್ಳೆ. ಊಟ ಬ್ಯಾಡ ಅಂದ್ಳು, ನಾನೂ ಬಲವಂತ ಮಾಡ್ಲಿಲ್ಲ. ಪೊರೆ ಬಿಡೋ ಹುಳ ಹಿಂಗೇ ತಲೆ ಎತ್ಕಂಡು ಕುಂತ್ಕತದೆ. ಆಗ ಸೊಪ್ಪು ಹಾಕ್ಬಾರ್ದು, ಅಲ್ಲಾಡಿಸ್ಬಾರ್ದು. ನಮ್ಮವ್ವ..."

ನಾನು ಹಣೆ ಮುಟ್ಟಿದೆ. ಕಾದ ಹೆಂಚು! ಆ ಕ್ಷಣ ನನ್ನ ಬಾಯಿಂದ ಬಂದದ್ದನ್ನು ಇಲ್ಲಿ ಬರೆದರೆ ಇಲಾಖೆ ನನ್ನನ್ನು ಶಿಕ್ಷಕಿ ಎಂದು ಒಪ್ಪುವುದಿಲ್ಲ. "ಅದು ಹುಳ ಅಲ್ಲ ಕಣ್ರೀ, ನಿಮ್ಮ ಮಗಳು!" ಎಂದದ್ದು ಮಾತ್ರ ನೆನಪಿದೆ. ಅವರ ಮುಖ ಬಿಳಿಚಿಕೊಂಡಿತು. ಮಗಳನ್ನು ಎತ್ತಿಕೊಂಡವರು ಚಪ್ಪಲಿಯನ್ನೂ ಮೆಟ್ಟದೆ ರಸ್ತೆಗೆ ಓಡಿದರು. ಚಿಕ್ಕವನನ್ನು ಸೊಂಟಕ್ಕೇರಿಸಿಕೊಂಡು ನಾನೂ ಹಿಂದೆಯೇ ಓಡಿದೆ.

ರಾಮನಗರದ ಡಾಕ್ಟರು ಬಾಯಿ ತೆರೆಸಿ ನೋಡಿದರು. ಗಂಟಲು ಊದಿದೆ, ಹೆದರುವಂಥದ್ದೇನಲ್ಲ ಎಂದು ಔಷಧಿ ಬರೆದರು. ಆಮೇಲೆ ಅವರು ಹೇಳಿದ ಮಾತಿಗೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ. "ಊಟಕ್ಕೆ ಬಲವಂತ ಮಾಡಬೇಡಿ. ಸುಮ್ಮನೆ ಮಲಗಲು ಬಿಡಿ." ಯಜಮಾನರು ಓರೆಗಣ್ಣಿನಿಂದ ನನ್ನ ಕಡೆ ನೋಡಿದರು. ನಾನು ನೋಡಿದ ನೋಟಕ್ಕೆ ತಕ್ಷಣ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು.

ನಾನು ನಗುವ ಸ್ಥಿತಿಯಲ್ಲಿರಲಿಲ್ಲ. ಎರಡು ದಿನ ರಜೆ ಹಾಕಿದೆ. ಭಾನುವಾರದ ಹೊತ್ತಿಗೆ ಮಗಳು ಎದ್ದು ಓಡಾಡಿದಳು. ಆದರೆ ನನ್ನೊಳಗಿನ ಹೆದರಿಕೆ ಇಳಿಯಲಿಲ್ಲ. ಅಷ್ಟು ಹೊತ್ತು ನನ್ನ ಕೂಸು ಮೈ ಸುಡುತ್ತಾ ಕೂತಿತ್ತು, ನಾನು ಎರಡು ಬಸ್ಸಿನಾಚೆ ಯಾರದ್ದೋ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಆ ಭಾನುವಾರ ಬೆಳಗ್ಗೆಯೇ ನಮ್ಮಮ್ಮನೂ ಬಂದಳು. ಈ ಸಲ ಬಾಯಿ ಮುಕ್ಕಳಿಸಿಕೊಂಡೇ ಬಂದಿದ್ದಳು. ಮೊಮ್ಮಗಳನ್ನು ತಬ್ಬಿಕೊಂಡು ಹೇಳಿದಳು: "ನಿನ್ ಗಂಡ ಬೇಕಾರೆ ಹುಳ ಸಾಕ್ಕಳ್ಲಿ. ಮಕ್ಳುನ್ನ ನೀನು ಸಾಕು. ನಾಳೀಕೇ ಬರ್ದು ಕೊಟ್ಬುಡು."

ಅವಳು ಮಧ್ಯಾಹ್ನದ ಬಸ್ಸಿಗೆ ಹೋದ ಮೇಲೆ ನಾನು ಉದ್ದನೆಯ ಬಿಳಿ ಹಾಳೆಯೊಂದನ್ನು ತೆಗೆದುಕೊಂಡು ಕೂತೆ. ಕೌಟುಂಬಿಕ ಕಾರಣಗಳಿಂದ ಎಂದು ಶುರುಮಾಡಿ, ರಾಜೀನಾಮೆ ಬರೆದು, ಸಹಿ ಹಾಕಿದೆ. ಯಜಮಾನರು ಚಿಕ್ಕವನಿಗೆ ರಾಗಿ ಸರಿ ತಿನ್ನಿಸಿ, ಬಾಯಿ ಒರೆಸಿ ತೊಟ್ಟಿಲಿಗೆ ಹಾಕಿ ಬಂದು ಹಾಳೆಯನ್ನು ಎತ್ತಿಕೊಂಡು ಓದಿದರು. ಎರಡು ಸಲ ಓದಿದರು. "ನಮ್ಮವ್ವ" ಎಂದು ಶುರುಮಾಡಿದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಸಾಕು ಮಾಡ್ರೀ! ನಿಮ್ಮವ್ವ ಹುಳ ಸಾಕಿದ್ರು, ಮಕ್ಕಳನ್ನಲ್ಲ!"

"ಅದೇ ಕಣಮ್ಮಿ," ಎಂದರು ಮೆಲ್ಲಗೆ. "ನಾನು ಹತ್ತು ವರ್ಸದೋನಿದ್ದೆ. ಕನಕಪುರದ ತಾವ ನಮ್ಮವ್ವನ ತವರು. ಅವ್ರವ್ವಂಗೆ ಕಾಯ್ಲೆ ಜೋರಾಗೈತೆ, ಈಗ್ಲೇ ಬಾ ಅಂತ ಹೇಳಿ ಕಳ್ಸುದ್ರು. ಹುಳ ಗೂಡು ಕಟ್ಟೋ ಮುಂಚಿನ ಕಡೇ ಊಟಕ್ಕೆ ಬಂದಿದ್ವು, ಹೊತ್ತೊತ್ತಿಗೂ ಸೊಪ್ಪು ಹಾಕ್ಬೇಕು. ನಮ್ಮಪ್ಪ ಜಗಲಿ ಮ್ಯಾಲೆ ಬೀಡಿ ಸೇದ್ತಾ ಕುಂತಿದ್ದ, ಅವ್ನಿಗೆ ಒಂದು ತಟ್ಟೆ ಹಿಡಿಯಾಕೂ ಬತ್ತಿರ್ಲಿಲ್ಲ. ಹೋಗವ್ವ ಅಂದೆ ನಾನು. ಯಾರ ಕೈಗೆ ಬುಟ್ಟು ಹೋಗ್ಲಿ ಮಗ ಅಂದ್ಳು. ಹುಳ ಎಲ್ಲಾ ಚಂದ್ರಿಕೆಗೆ ಹತ್ತುಸ್ಬುಟ್ಟು ಹೋಗೋ ಹೊತ್ಗೆ ಅಲ್ಲಿ ಎಲ್ಲಾ ಮುಗ್ದೋಗಿತ್ತು. ಮುಖಾನೂ ಸಿಗ್ಲಿಲ್ಲ ಅವ್ಳಿಗೆ."

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಅವತ್ತಿಂದ ಪಕ್ಕದಾಗೆ ಕುಂತು ಒಂದೊಂದೇ ಕಲ್ತೆ. ಸೊಪ್ಪು ಕತ್ತರ್ಸದು, ಕಸ ತೆಗಿಯದು, ಎಲ್ಲಾ. ಇನ್ನೊಂದು ಸರ್ತಿ ಅವ್ಳು ಎಲ್ಗಾರಾ ಹೋಗ್ಬೇಕು ಅಂದ್ರೆ ನನ್ ಕೈಗೆ ಬುಟ್ಟು ಹೋಗ್ಲಿ ಅಂತ. ನಾನು ಪೂರಾ ಕಲಿಯೋ ಹೊತ್ಗೆ ಅವ್ಳಿಗೆ ಹೋಗಾಕೆ ಯಾವ ಊರೂ ಉಳ್ದಿರ್ಲಿಲ್ಲ." ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಗುರುವಾರ ತಪ್ಪಾಯ್ತು. ಮಕ್ಳ ಮೈ ಬಿಸಿ ಆದ್ರೆ ಏನು ಮಾಡ್ಬೇಕು ಅಂತ ಡಾಕ್ಟರ್ನ ಕೇಳಿ ತಿಳ್ಕಂಡಿವ್ನಿ. ಇನ್ನಾ ಏನೇನೈತೆ ನೀನು ಹೇಳ್ಕೊಡು, ಕಲಿತೀನಿ. ನೀನು ಮಾತ್ರ ಹೋಗು ಕಣಮ್ಮಿ."

ನಾನು ಅವರ ಕೈಯಿಂದ ಹಾಳೆ ತೆಗೆದು, ಮಡಚದೆ ಮೇಜಿನ ಮೇಲೆಯೇ ಬಿಟ್ಟು ಒಳಗೆ ಹೋದೆ. ಗೋಡೆಯ ಮೇಲಿದ್ದ ಅತ್ತೆಯ ಮುಖವನ್ನು ಅಂದೇ ಮೊದಲ ಸಲ ಹತ್ತಿರ ನಿಂತು ನೋಡಿದೆ. ನಾನು ಐದು ವರ್ಷ ಜಗಳವಾಡಿದ್ದು ಈ ಹೆಂಗಸಿನ ಜತೆಯೇ ಎಂದು ನಾಚಿಕೆಯಾಯಿತು.

ಸೋಮವಾರ ಬೆಳಗ್ಗೆ ನೋಡಿದರೆ ಮೇಜಿನ ಮೇಲೆ ರಾಜೀನಾಮೆ ಇಲ್ಲ. ಬ್ಯಾಗಿನಲ್ಲಿ ಇಲ್ಲ, ಪುಸ್ತಕದಲ್ಲಿ ಇಲ್ಲ. ಯಜಮಾನರನ್ನು ಕೇಳಿದೆ. ಅವರು ತೊಟ್ಟಿಲ ಕಡೆ ಕೈ ತೋರಿಸಿದರು. ಚಿಕ್ಕವನ ಅಡಿಯಲ್ಲಿ, ಹಾಸುಬಟ್ಟೆಯ ಕೆಳಗೆ, ನನ್ನ ಕೌಟುಂಬಿಕ ಕಾರಣಗಳು ತೊಪ್ಪೆಯಾಗಿ ಮಲಗಿದ್ದವು. ಸಹಿ ಅಳಿಸಿಹೋಗಿತ್ತು.

"ಹಳೇ ಪೇಪರ್ ಮುಗ್ದೋಗಿತ್ತು," ಎಂದರು ಮುಖ ತಿರುಗಿಸಿಕೊಂಡು. "ಒಳ್ಳೆ ಹಾಳೆ. ಚೆನ್ನಾಗಿ ಹೀರ್ಕತದೆ."

ನಾನು ಸೀರೆಯುಟ್ಟು ಹೊರಟೆ. ಬಾಗಿಲಲ್ಲಿ ಊಟದ ಡಬ್ಬಿ ಕೈಗಿಟ್ಟರು. ಹಿಂದಿನ ದಿನ ಅವರಿಗೆ ವಾರದ ರಜೆ, ಹಾಗಾಗಿ ಬೆಳಗ್ಗೆ ಎದ್ದು ತಾವೇ ಕಟ್ಟಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ.

ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಕೂತು ಡಬ್ಬಿ ತೆರೆದೆ. ಅಕ್ಕಿರೊಟ್ಟಿ ಇತ್ತು. ಅರ್ಧ ಬೆರಳಗಲದ ಪುಟ್ಟ ಪುಟ್ಟ ಚೌಕಗಳು, ಎಲ್ಲವೂ ಒಂದೇ ಅಳತೆ. ಪಕ್ಕದಲ್ಲಿ ಕೂತಿದ್ದ ಟೀಚರು ಇಣುಕಿ ನೋಡಿ, "ಇದೇನ್ರೀ, ಮಗಳ ಡಬ್ಬಿ ತಂದುಬಿಟ್ಟಿದ್ದೀರಾ?" ಎಂದು ನಕ್ಕರು. ಇಲ್ಲ, ನನ್ನದೇ ಎಂದೆ. ಒಂದು ಚೌಕ ಬಾಯಿಗೆ ಹಾಕಿಕೊಂಡೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದಕ್ಕೆ ಕೈ ಹಾಕಿದೆ.